ಭಾರಕ್ಕೆ ತಕ್ಕ ಬಾಗು: ಸ್ಪ್ರಿಂಗಿನ ನಿಯಮ ಕಂಡ ರಾಬರ್ಟ್ ಹುಕ್

ಮಲೆನಾಡಿನ ಕಾಫಿ ತೋಟಗಳಲ್ಲಿ ದಶಕಗಳಿಂದ ದುಡಿಯುತ್ತಿರುವ ಹಳೆಯ ಜೀಪೊಂದರ ಕೆಳಗೆ ಬಗ್ಗಿ ನೋಡಿದರೆ ಎರಡು ವಸ್ತುಗಳು ಗಮನ ಸೆಳೆಯುತ್ತವೆ. ಒಂದು, ಚಕ್ರದ ಅಚ್ಚಿಗೂ ಚಾಸಿಗೂ ನಡುವೆ ಬಾಗಿ ಕುಳಿತ ಉಕ್ಕಿನ ಪಟ್ಟಿಗಳ ಕಟ್ಟು. ಗ್ಯಾರೇಜಿನವರು ಇದನ್ನು ಕಮಾನು ಪ್ಲೇಟು ಎನ್ನುತ್ತಾರೆ. ಇನ್ನೊಂದು, ಎಂಜಿನ್ನಿನ ಶಕ್ತಿಯನ್ನು ಅಚ್ಚಿಗೆ ಸಾಗಿಸುವ ಪ್ರೊಪೆಲ್ಲರ್ ಶಾಫ್ಟಿನ ತುದಿಯಲ್ಲಿರುವ ಶಿಲುಬೆಯಾಕಾರದ ಕೀಲು. ಮೆಕ್ಯಾನಿಕ್ಕುಗಳ ಬಾಯಲ್ಲಿ ಅದು ಬರೀ ಕ್ರಾಸ್; ಪುಸ್ತಕದಲ್ಲಿ ಯೂನಿವರ್ಸಲ್ ಜಾಯಿಂಟ್. ಮೊದಲನೆಯದರ ಗಣಿತವನ್ನು ಹೇಳಿದವನೂ, ಎರಡನೆಯದರ ವಿವರವನ್ನು ಇಂಗ್ಲೆಂಡಿನಲ್ಲಿ ಅಚ್ಚು ಹಾಕಿಸಿದವನೂ ಒಬ್ಬನೇ. ಆತ ಬದುಕಿದ್ದು ಮೋಟಾರು ವಾಹನ ಹುಟ್ಟುವುದಕ್ಕೆ ಎರಡು ಶತಮಾನಗಳ ಹಿಂದೆ. ಹೈಸ್ಕೂಲಿನ ಭೌತಶಾಸ್ತ್ರದ ಪಾಠದಲ್ಲಿ ಒಂದೇ ಸಾಲಿನ ನಿಯಮವಾಗಿ ನಮಗೆಲ್ಲ ಪರಿಚಿತನಾದ ರಾಬರ್ಟ್ ಹುಕ್‌ನ ಕಥೆ ಇದು.

ಇಂಗ್ಲೆಂಡಿನ ದಕ್ಷಿಣ ಕರಾವಳಿಯಾಚೆಗಿನ ಐಲ್ ಆಫ್ ವೈಟ್ ಎಂಬ ದ್ವೀಪದಲ್ಲಿ, ಫ್ರೆಶ್‌ವಾಟರ್ ಎಂಬ ಹಳ್ಳಿಯಲ್ಲಿ, 1635ರ ಜುಲೈ 18ರಂದು ಹುಕ್ ಜನಿಸಿದ. ತಂದೆ ಜಾನ್ ಹುಕ್ ಅಲ್ಲಿನ ಚರ್ಚಿನ ಪಾದ್ರಿ. ಮಗು ಬದುಕುಳಿಯುವುದೇ ಅನುಮಾನವೆಂಬಷ್ಟು ದುರ್ಬಲವಾಗಿತ್ತು. ಪದೇ ಪದೇ ಕಾಡುವ ತಲೆನೋವಿನಿಂದಾಗಿ ಕ್ರಮಬದ್ಧವಾದ ಓದು ಸಾಗಲಿಲ್ಲ. ಪಾದ್ರಿಯಾಗಬೇಕಿದ್ದ ಹುಡುಗನನ್ನು ತಂದೆ ಅವನ ಪಾಡಿಗೆ ಬಿಟ್ಟರು. ಹೀಗೆ ಬಿಟ್ಟದ್ದೇ ವಿಜ್ಞಾನಕ್ಕೆ ಲಾಭವಾಯಿತೆನ್ನಬೇಕು. ಬಿಚ್ಚಿಟ್ಟಿದ್ದ ಹಿತ್ತಾಳೆಯ ಗಡಿಯಾರವೊಂದನ್ನು ಕಂಡ ಬಾಲಕ ಅದರಂತೆಯೇ ಮರದಲ್ಲಿ ಮತ್ತೊಂದನ್ನು ಕೆತ್ತಿದ; ಅದು ಓಡಿತು ಕೂಡ. ಸುಮಾರು ಒಂದು ಗಜ ಉದ್ದದ ಹಡಗಿನ ಮಾದರಿಯೊಂದನ್ನು ಮಾಡಿ, ಹಾಯಿ ಹಗ್ಗಗಳನ್ನೆಲ್ಲ ಕಟ್ಟಿ, ನೀರಿನ ಮೇಲೆ ಸಾಗುವಾಗ ಸಣ್ಣ ತೋಪುಗಳು ಹಾರುವಂತೆಯೂ ಏರ್ಪಾಡು ಮಾಡಿದ್ದನಂತೆ.

1648ರಲ್ಲಿ ತಂದೆ ತೀರಿಕೊಂಡಾಗ ಹುಕ್‌ಗೆ ಹದಿಮೂರು ವರ್ಷ. ಪಾಲಿಗೆ ಬಂದ ಅಲ್ಪಸ್ವಲ್ಪ ಹಣದೊಡನೆ ಲಂಡನ್ನಿಗೆ ಬಂದು, ಚಿತ್ರ ಬಿಡಿಸುವುದರಲ್ಲಿ ಕೈ ಪಳಗಿದ್ದರಿಂದ, ಪೀಟರ್ ಲೀಲಿ ಎಂಬ ಹೆಸರಾಂತ ಭಾವಚಿತ್ರಕಾರನ ಬಳಿ ಕೆಲವು ದಿನ ಇದ್ದ. ಬಣ್ಣದ ವಾಸನೆಗೆ ತಲೆನೋವು ಹೆಚ್ಚಿತು. ಕುಂಚವನ್ನು ಬಿಟ್ಟು ವೆಸ್ಟ್‌ಮಿನ್‌ಸ್ಟರ್ ಶಾಲೆಗೆ ಸೇರಿದ. ಶಿಸ್ತಿಗೆ ಹೆಸರಾದ ಮುಖ್ಯೋಪಾಧ್ಯಾಯ ರಿಚರ್ಡ್ ಬಸ್ಬಿ ಈ ಹುಡುಗನ ವಿಚಿತ್ರ ಪ್ರತಿಭೆಯನ್ನು ಗುರುತಿಸಿ ತಮ್ಮ ಮನೆಯಲ್ಲೇ ಇರಿಸಿಕೊಂಡರು. ಯೂಕ್ಲಿಡ್‌ನ ರೇಖಾಗಣಿತದ ಮೊದಲ ಆರು ಭಾಗಗಳನ್ನು ಹುಕ್ ಒಂದೇ ವಾರದಲ್ಲಿ ಅರಗಿಸಿಕೊಂಡನೆಂದು ಸಮಕಾಲೀನರು ದಾಖಲಿಸಿದ್ದಾರೆ. ಹದಿನಾರರ ಸುಮಾರಿಗೆ ಬೆನ್ನು ಬಾಗತೊಡಗಿತು. ಲೇತ್ ಯಂತ್ರದ ಮುಂದೆ ಬಗ್ಗಿ ಕುಳಿತು ಮಾಡಿದ ಕೆಲಸವೇ ಇದಕ್ಕೆ ಕಾರಣವೆಂದು ಆತ ನಂಬಿದ್ದ. ಆ ಬಾಗು ಕೊನೆಯವರೆಗೂ ನೆಟ್ಟಗಾಗಲಿಲ್ಲ.

1653ರಲ್ಲಿ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜು. ಅಲ್ಲಿ ಜಾನ್ ವಿಲ್ಕಿನ್ಸ್ ಎಂಬ ವಿದ್ವಾಂಸನ ಸುತ್ತ ಪ್ರಯೋಗಾಸಕ್ತರ ಬಳಗವೊಂದು ಬೆಳೆದಿತ್ತು. ಮುಂದೆ ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್ ಕಟ್ಟಿದ ಕ್ರಿಸ್ಟೊಫರ್ ರೆನ್, ಶ್ರೀಮಂತ ರಸಾಯನ ವಿಜ್ಞಾನಿ ರಾಬರ್ಟ್ ಬಾಯ್ಲ್ ಇಬ್ಬರೂ ಈ ಬಳಗದವರೇ. ಹುಕ್ ಬಾಯ್ಲ್‌ನ ಸಂಬಳದ ಸಹಾಯಕನಾದ. ಬಾಯ್ಲ್‌ನ ಪ್ರಖ್ಯಾತ ವಾಯುರೇಚಕ ಯಂತ್ರ ಹುಕ್‌ನ ಕೈಕೆಲಸ. ಅನಿಲದ ಒತ್ತಡ ಮತ್ತು ಗಾತ್ರಗಳ ಸಂಬಂಧವನ್ನು ತಿಳಿಸುವ ನಿಯಮಕ್ಕೆ ಇಂದು ಬಾಯ್ಲ್‌ನ ಹೆಸರಿದೆ. ಅದರ ಹಿಂದಿನ ಪ್ರಯೋಗಗಳಲ್ಲಿ ಹುಕ್‌ನ ಪಾಲು ಎಷ್ಟೆಂಬುದು ಇತಿಹಾಸಕಾರರು ಇಂದಿಗೂ ಚರ್ಚಿಸುವ ವಿಷಯ. ಗಾಳಿಯೂ ಒತ್ತಿದರೆ ಕುಗ್ಗಿ, ಬಿಟ್ಟರೆ ಚಿಮ್ಮುವ ಒಂದು ಬಗೆಯ ಸ್ಪ್ರಿಂಗ್ ಎಂಬ ಕಲ್ಪನೆ ಆ ಪ್ರಯೋಗಶಾಲೆಯಲ್ಲಿ ಹುಕ್‌ನ ಮನಸ್ಸಿನಲ್ಲಿ ಬೇರೂರಿತೆಂಬುದಂತೂ ಖಚಿತ. ಇಂದು ದುಬಾರಿ ವಾಹನಗಳಲ್ಲಿ ಉಕ್ಕಿನ ಬದಲು ಗಾಳಿಯ ಚೀಲಗಳೇ ಭಾರ ಹೊರುತ್ತಿರುವುದನ್ನು ಇಲ್ಲಿ ನೆನೆಯಬಹುದು.

1660ರ ನವೆಂಬರಿನಲ್ಲಿ ಸ್ಥಾಪನೆಯಾದ ರಾಯಲ್ ಸೊಸೈಟಿಗೆ 1662ರಲ್ಲಿ ಹುಕ್ ಪ್ರಯೋಗಗಳ ಮೇಲ್ವಿಚಾರಕನಾಗಿ ನೇಮಕಗೊಂಡ. ಪ್ರತಿ ವಾರದ ಸಭೆಯಲ್ಲಿ ಮೂರ್ನಾಲ್ಕು ಮಹತ್ವದ ಪ್ರಯೋಗಗಳನ್ನು ಮಾಡಿ ತೋರಿಸಬೇಕು. ಜೊತೆಗೆ ಸದಸ್ಯರು ಸೂಚಿಸುವ ಪ್ರಯೋಗಗಳನ್ನೂ ನಡೆಸಬೇಕು. ಇಂತಹ ನೌಕರಿಯನ್ನು ಹೊಂದಿದ್ದವರು ಅದಕ್ಕೂ ಮುನ್ನ ಬಹುಶಃ ಯಾರೂ ಇರಲಿಲ್ಲ. ಉಳಿದ ಸದಸ್ಯರಲ್ಲಿ ಬಹುತೇಕರಿಗೆ ವಿಜ್ಞಾನ ಹವ್ಯಾಸ. ಹುಕ್‌ಗೆ ಅದು ಹೊಟ್ಟೆಪಾಡು. ಜಾನ್ ಕಟ್ಲರ್ ಎಂಬ ಧನಿಕ ವರ್ತಕ ವರ್ಷಕ್ಕೆ 50 ಪೌಂಡಿನ ಉಪನ್ಯಾಸ ದತ್ತಿಯನ್ನು ಘೋಷಿಸಿದ. ಆದರೆ ಹಣ ಕೊಡಲಿಲ್ಲ. ಹುಕ್ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ತೀರ್ಪು ಆತನ ಪರವಾಗಿ ಬಂದದ್ದು 1696ರಲ್ಲಿ, ಅದೂ ಜುಲೈ 18ರ ಹುಟ್ಟುಹಬ್ಬದಂದು. ಅಷ್ಟರಲ್ಲಿ ಕಟ್ಲರ್ ಸತ್ತು ಮೂರು ವರ್ಷಗಳಾಗಿದ್ದವು. 1665ರ ಆರಂಭದಲ್ಲಿ ಪ್ರಕಟವಾದ ಮೈಕ್ರೋಗ್ರಾಫಿಯಾ ಎಂಬ ಸೂಕ್ಷ್ಮದರ್ಶಕದ ಗ್ರಂಥ ಹುಕ್‌ಗೆ ಅಪಾರ ಖ್ಯಾತಿ ತಂದಿತು. ಜೀವಕೋಶಕ್ಕೆ ಇಂಗ್ಲಿಷಿನಲ್ಲಿರುವ ಸೆಲ್ ಎಂಬ ಹೆಸರು ಬಂದದ್ದು ಆ ಗ್ರಂಥದಿಂದ. ಅದರ ಬಗ್ಗೆ ಬೇಕಾದಷ್ಟು ಬರಹಗಳಿವೆ. ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯವಾದದ್ದು ಅದೇ ವರ್ಷ ಹುಕ್ ಹತ್ತಿ ಇಳಿದ ಕುದುರೆ ಗಾಡಿಗಳು.

ಆ ಕಾಲದ ಗಾಡಿಗಳಿಗೆ ಇಂದಿನ ಅರ್ಥದ ಸಸ್ಪೆನ್ಷನ್ ಇರಲಿಲ್ಲ. ಶ್ರೀಮಂತರ ಕೋಚುಗಳಲ್ಲಿ ಕೂರುವ ಪೆಟ್ಟಿಗೆಯನ್ನು ಚರ್ಮದ ಪಟ್ಟಿಗಳಿಂದ ತೂಗುಬಿಡುತ್ತಿದ್ದರು. ಅದು ತೊಟ್ಟಿಲಿನಂತೆ ಓಲಾಡುತ್ತಿತ್ತೇ ಹೊರತು ಗುಂಡಿಯ ಏಟನ್ನು ನುಂಗುತ್ತಿರಲಿಲ್ಲ. ಇಂಗ್ಲೆಂಡಿನ ರಸ್ತೆಗಳೋ, ಮಳೆಗಾಲದ ನಮ್ಮ ಘಟ್ಟದ ಕಾಡುದಾರಿಗಳಿಗಿಂತ ಮೇಲೇನೂ ಆಗಿರಲಿಲ್ಲ. ರಾಯಲ್ ಸೊಸೈಟಿ ಗಾಡಿಗಳ ಸುಧಾರಣೆಯನ್ನು ಕೈಗೆತ್ತಿಕೊಂಡಿತು. 1665ರ ಮೇ 1ರಂದು ಸೊಸೈಟಿಯ ಅಧ್ಯಕ್ಷ ಲಾರ್ಡ್ ಬ್ರೌಂಕರ್, ಸರ್ ರಾಬರ್ಟ್ ಮೊರೆ, ವಿಲ್ಕಿನ್ಸ್ ಮತ್ತು ಹುಕ್ ಒಟ್ಟಾಗಿ ಬ್ಲ್ಯಾಕ್‌ಹೀತ್ ಸಮೀಪದಲ್ಲಿದ್ದ ಕರ್ನಲ್ ಬ್ಲೌಂಟ್‌ನ ಮನೆಗೆ ಊಟಕ್ಕೆ ಹೊರಟರು. ದಿನಚರಿಗೆ ಹೆಸರಾದ ಸ್ಯಾಮ್ಯುಯಲ್ ಪೀಪ್ಸ್ ದಾರಿಯಲ್ಲಿ ಜೊತೆಯಾದ. ಊಟ ಅಷ್ಟೇನೂ ವಿಶೇಷವಾಗಿರಲಿಲ್ಲವಂತೆ. ಊಟದ ನಂತರ ಹಲವು ಬಗೆಯ ಗಾಡಿಗಳ ಪರೀಕ್ಷೆ ನಡೆಯಿತು. ಅವುಗಳಲ್ಲಿ ಇಡೀ ಪೆಟ್ಟಿಗೆ ಒಂದೇ ಉದ್ದನೆಯ ಸ್ಪ್ರಿಂಗಿನ ಮೇಲೆ ನಿಂತ ಗಾಡಿಯೊಂದು ಎಲ್ಲರಿಗೂ ಹಿಡಿಸಿತು. ಒಬ್ಬರಾದ ಮೇಲೊಬ್ಬರು ಅದರಲ್ಲಿ ಕುಳಿತು ಸುತ್ತಿ ಬಂದರು. ಅದರ ರಚನೆಯ ವಿವರವನ್ನು ಮಾತ್ರ ಪೀಪ್ಸ್ ಬರೆದಿಡಲಿಲ್ಲ. ಇಂಥವರು ಇನ್ನೆರಡು ಸಾಲು ಬರೆದಿದ್ದರೆ ಎಂದು ಇಂದಿನ ಓದುಗನಿಗೆ ಅನ್ನಿಸದಿರದು.

ಅದೇ ಬೇಸಿಗೆಯಲ್ಲಿ ಲಂಡನ್ನಿಗೆ ಪ್ಲೇಗ್ ಬಡಿಯಿತು. ಸೊಸೈಟಿಯ ಸಭೆಗಳು ನಿಂತವು. ಹುಕ್, ವಿಲ್ಕಿನ್ಸ್ ಹಾಗೂ ವಿಲಿಯಂ ಪೆಟ್ಟಿ ಎಪ್ಸಮ್ ಬಳಿಯ ಡರ್ಡನ್ಸ್ ಎಂಬ ಬಂಗಲೆಗೆ ತೆರಳಿದರು. ಆಗಸ್ಟಿನಲ್ಲಿ ಅಲ್ಲಿಗೆ ಭೇಟಿ ಕೊಟ್ಟ ಇನ್ನೊಬ್ಬ ದಿನಚರಿಕಾರ ಜಾನ್ ಎವೆಲಿನ್ ಕಂಡಂತೆ, ಊರಿಗೆ ಊರೇ ಸಾವಿನ ಭೀತಿಯಲ್ಲಿದ್ದಾಗ ಈ ಮೂವರು ಹೊಸ ರಥಗಳನ್ನೂ, ಹಡಗಿನ ಹಾಯಿ ವ್ಯವಸ್ಥೆಯನ್ನೂ, ಒಳಗೆ ಕುಳಿತು ಓಡಿಸುವ ಚಕ್ರವನ್ನೂ ಕಟ್ಟುವುದರಲ್ಲಿ ಮುಳುಗಿದ್ದರು.

ಸೆಪ್ಟೆಂಬರ್ 5ರಂದು ಬ್ಲೌಂಟ್ ತನ್ನ ಹೊಸ ಸ್ಪ್ರಿಂಗ್ ರಥದಲ್ಲಿ ಪೀಪ್ಸ್‌ಗೆ ಎದುರಾದ. ಒಂದೇ ಕುದುರೆ ಸಾಕು, ಬೇರಾವ ಕೋಚನ್ನೂ ಹಿಂದಿಕ್ಕುತ್ತದೆ, ಮೈಗೆ ಆಯಾಸವೇ ಇಲ್ಲ ಎಂದು ಆತ ಬಣ್ಣಿಸಿದ. ಪೀಪ್ಸ್ ಕುತೂಹಲದಿಂದ ಹತ್ತಿ ಕುಳಿತು, ಗುಡ್ಡವನ್ನೇರಿ, ಬಂಡಿಗಳು ಕೊರೆದ ಆಳವಾದ ಜಾಡುಗಳ ಮೇಲೆ ಓಡಿಸಿ ನೋಡಿದ. ಪರವಾಗಿಲ್ಲ, ಆದರೆ ಕರ್ನಲ್ ಹೇಳಿದಷ್ಟು ಸುಖವಿಲ್ಲವೆಂಬುದು ಆತನ ತೀರ್ಮಾನ. ಸ್ಪ್ರಿಂಗಿನ ವಾಹನವನ್ನು ಕೆಟ್ಟ ದಾರಿಯಲ್ಲಿ ಪರೀಕ್ಷಿಸಿ ಬರೆದ ವಿಮರ್ಶೆಗಳಲ್ಲಿ ಇದು ಅತಿ ಹಳೆಯವುಗಳ ಸಾಲಿಗೆ ಸೇರೀತು. ಮಾರುವವನ ಮಾತಿಗೂ ಕೂತವನ ಬೆನ್ನಿಗೂ ನಡುವಿನ ಈ ಅಂತರ ಇಂದಿಗೂ ಇದೆ.

ಬ್ಲೌಂಟ್‌ನ ರಥ ಏಕೆ ಪೂರ್ತಿ ಸುಖಕೊಡಲಿಲ್ಲ? ಎಷ್ಟು ಭಾರಕ್ಕೆ ಎಷ್ಟು ಗಡಸಾದ ಸ್ಪ್ರಿಂಗ್ ಬೇಕೆಂದು ಲೆಕ್ಕ ಹಾಕುವ ಉಪಾಯವೇ ಆಗ ಯಾರ ಬಳಿಯೂ ಬಹಿರಂಗವಾಗಿ ಇರಲಿಲ್ಲ. ಹುಕ್‌ನ ತಲೆಯಲ್ಲಿ ಅದು ಇತ್ತು. ತಾನು ಈ ನಿಯಮವನ್ನು 1660ರ ಸುಮಾರಿಗೇ ಕಂಡುಕೊಂಡಿದ್ದಾಗಿ ಆತ ನಂತರ ಹೇಳಿಕೊಂಡ. ಹಾಗಿದ್ದರೆ ಹದಿನೆಂಟು ವರ್ಷ ಬಚ್ಚಿಟ್ಟದ್ದೇಕೆ ಎಂಬ ಪ್ರಶ್ನೆ ಸಹಜ. ಉತ್ತರ ಗಾಡಿಯಲ್ಲಿಲ್ಲ, ಕೈಗಡಿಯಾರದಲ್ಲಿದೆ.

ನಡುಗಡಲಿನಲ್ಲಿ ಹಡಗಿನ ರೇಖಾಂಶ ತಿಳಿಯಲು ನಿಖರವಾದ ಗಡಿಯಾರ ಬೇಕು. ಲೋಲಕದ ಗಡಿಯಾರ ಅಲೆಗಳ ಮೇಲೆ ನಡೆಯದು. ಲೋಲಕದ ಬದಲು ಸಣ್ಣ ಚಕ್ರವೊಂದಕ್ಕೆ ಸ್ಪ್ರಿಂಗ್ ಜೋಡಿಸಿದರೆ ಅದು ಯಾವ ಸ್ಥಿತಿಯಲ್ಲೂ ಒಂದೇ ಲಯದಲ್ಲಿ ತೂಗುತ್ತದೆಂಬುದು ಹುಕ್‌ನ ಎಣಿಕೆ. ಬ್ರೌಂಕರ್, ಬಾಯ್ಲ್ ಮತ್ತು ಮೊರೆ ಸೇರಿ ಇದಕ್ಕೆ ಪೇಟೆಂಟ್ ಪಡೆಯುವ ಕರಡನ್ನೂ ಸಿದ್ಧಪಡಿಸಿದರು. ಆದರೆ ಮುಂದೆ ಯಾರಾದರೂ ಇದನ್ನು ಸುಧಾರಿಸಿದರೆ ಲಾಭ ಅವರಿಗೆ ಸಲ್ಲತಕ್ಕದ್ದೆಂಬ ಷರತ್ತು ಅದರಲ್ಲಿತ್ತು. ಹೊಸದನ್ನು ಕಾಣುವುದು ಕಷ್ಟ, ಕಂಡದ್ದಕ್ಕೆ ಒಂದಿಷ್ಟು ಸೇರಿಸುವುದು ಸುಲಭ ಎಂದರಿತ ಹುಕ್ ಒಪ್ಪಲಿಲ್ಲ. ವಿಷಯವನ್ನು ಅಲ್ಲಿಗೇ ಮುಚ್ಚಿಟ್ಟ.

1675ರಲ್ಲಿ ಹಾಲೆಂಡಿನ ಮೇಧಾವಿ ಕ್ರಿಸ್ಟಿಯಾನ್ ಹೈಗೆನ್ಸ್ ಸುರುಳಿ ಸ್ಪ್ರಿಂಗಿನ ಗಡಿಯಾರವನ್ನು ಪ್ರಕಟಿಸಿದ. ಹುಕ್ ಕೆಂಡವಾದ. ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ ತನ್ನ ರಹಸ್ಯವನ್ನು ಹೊರಗೆ ದಾಟಿಸಿದನೆಂದು ಬಹಿರಂಗವಾಗಿಯೇ ಆರೋಪಿಸಿದ. ಕುಶಲಕರ್ಮಿ ಥಾಮಸ್ ಟಾಂಪಿಯನ್‌ನಿಂದ ಅವಸರದಲ್ಲಿ ಗಡಿಯಾರವೊಂದನ್ನು ಮಾಡಿಸಿ, ತನ್ನ ಆವಿಷ್ಕಾರದ ವರ್ಷ 1658 ಎಂದು ಅದರ ಮೇಲೆ ಕೆತ್ತಿಸಿ, ದೊರೆ ಎರಡನೆಯ ಚಾರ್ಲ್ಸ್‌ಗೆ ಅರ್ಪಿಸಿದ. ಜಗಳ ಯಾರಿಗೂ ಶೋಭೆ ತರಲಿಲ್ಲ. ಉತ್ತಮವಾಗಿ ನಡೆಯುವ ಗಡಿಯಾರವನ್ನು ಮೊದಲು ಪ್ರಕಟಿಸಿದ ಕೀರ್ತಿ ಹೈಗೆನ್ಸ್‌ಗೇ ಉಳಿಯಿತು.

ಈ ಗಾಯ ಇನ್ನೂ ಹಸಿಯಾಗಿದ್ದಾಗ, 1676ರಲ್ಲಿ, ಹುಕ್ ಸೂರ್ಯನನ್ನು ನೋಡುವ ಉಪಕರಣಗಳ ಕುರಿತಾದ ಚಿಕ್ಕ ಹೊತ್ತಗೆಯೊಂದನ್ನು ಹೊರತಂದ. ಅದರ ಕೊನೆಯಲ್ಲಿ ತನ್ನ ಬಳಿಯಿರುವ ಆವಿಷ್ಕಾರಗಳ ಪಟ್ಟಿ ಕೊಟ್ಟ. ಕೆಲವನ್ನು ಅಕ್ಷರಗಳ ಒಗಟಾಗಿ ಕೊಟ್ಟ. ಸ್ಪ್ರಿಂಗಿನ ನಿಯಮವನ್ನು ಹೇಳುವ ಲ್ಯಾಟಿನ್ ವಾಕ್ಯದ ಹದಿನಾಲ್ಕು ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಕಲೆಸಿ ಅಚ್ಚು ಹಾಕಿಸಿದ. ಬೇರಾರಾದರೂ ಅದನ್ನೇ ಕಂಡುಹಿಡಿದರೆ ತಾನು ಮೊದಲಿಗನೆಂದು ಸಾಧಿಸಲು ಇದು ಸಾಕ್ಷಿ. ಅಲ್ಲಿಯವರೆಗೆ ಯಾರಿಗೂ ಅರ್ಥವಾಗದು. ಅದೇ ಪಟ್ಟಿಯಲ್ಲಿದ್ದ ಇನ್ನೊಂದು ಒಗಟು ಕಟ್ಟಡದ ಕಮಾನಿನ ಸರಿಯಾದ ಆಕಾರವನ್ನು ಕುರಿತದ್ದು. ತೂಗುಬಿಟ್ಟ ಸರಪಳಿಯ ಬಾಗನ್ನು ತಲೆಕೆಳಗು ಮಾಡಿದರೆ ಅದೇ ಗಟ್ಟಿಯಾದ ಕಮಾನು ಎಂಬುದು ಅದರ ಅರ್ಥ. ಕಟ್ಟಡದ ಕಮಾನಿಗೂ ಗಾಡಿಯ ಕಮಾನಿಗೂ ಒಂದೇ ಪದವಿರುವ ಕನ್ನಡದಲ್ಲಿ ಈ ಎರಡು ಒಗಟುಗಳು ಅಕ್ಕಪಕ್ಕ ಕುಳಿತಿದ್ದು ಸಹಜವೆನಿಸುತ್ತದೆ.

ಒಗಟು ಬಿಡಿಸಿದ್ದು 1678ರಲ್ಲಿ. ಸ್ಪ್ರಿಂಗನ್ನೇ ವಿಷಯವಾಗಿಸಿಕೊಂಡ ಉಪನ್ಯಾಸದಲ್ಲಿ ಹುಕ್ ತನ್ನ ಪ್ರಯೋಗಗಳನ್ನು ಯಾರು ಬೇಕಾದರೂ ಮನೆಯಲ್ಲೇ ಮಾಡಿ ನೋಡಬಹುದಾದ ರೀತಿಯಲ್ಲಿ ವಿವರಿಸಿದ. ಇಪ್ಪತ್ತು, ಮೂವತ್ತು ಅಥವಾ ನಲವತ್ತು ಅಡಿ ಉದ್ದದ ತಂತಿಯನ್ನು ಮೇಲೆ ಮೊಳೆಗೆ ಕಟ್ಟಿ, ಕೆಳಗೆ ತಕ್ಕಡಿಯ ತಟ್ಟೆ ತೂಗುಬಿಟ್ಟು, ಅದು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಬೇಕು. ಒಂದೊಂದೇ ತೂಕ ಹಾಕುತ್ತ ಹೋಗಬೇಕು. ಸುತ್ತಿದ ತಂತಿ, ಗಡಿಯಾರದ ಸುರುಳಿ, ಒಣಗಿದ ಮರದ ತೊಲೆ, ಎಲ್ಲದರ ಮೇಲೂ ಇದನ್ನೇ ಮಾಡಿ ನೋಡಿದ. ಎಲ್ಲ ಕಡೆಯೂ ಫಲ ಒಂದೇ: ಭಾರ ಎರಡು ಪಟ್ಟಾದರೆ ಬಾಗು ಎರಡು ಪಟ್ಟು, ಮೂರು ಪಟ್ಟಾದರೆ ಮೂರು ಪಟ್ಟು. ಭಾರ ತೆಗೆದರೆ ಹಿಂದಿನ ಸ್ಥಾನ. ಇಂತಹ ಸ್ಪ್ರಿಂಗಿನ ತೂಗಾಟ ದೊಡ್ಡದಿರಲಿ ಸಣ್ಣದಿರಲಿ ಒಂದೇ ಅವಧಿ ತೆಗೆದುಕೊಳ್ಳುತ್ತದೆಂದು ತೋರಿಸಲು ಆತ ಅಲ್ಲಿ ಯತ್ನಿಸಿದ್ದು ಕೂಡ ಗಮನಾರ್ಹ.

ಈ ಸರಳ ಅನುಪಾತ ಎಷ್ಟು ದೂರ ಕೊಂಡೊಯ್ಯುತ್ತದೆಂಬುದನ್ನು ತಿಳಿಯಲು ನಮ್ಮ ಜೀಪಿಗೇ ಹಿಂದಿರುಗೋಣ. ಹಿಂದಿನ ಒಂದು ಸ್ಪ್ರಿಂಗಿನ ಮೇಲೆ 400 ಕಿಲೋ ಭಾರವಿದೆಯೆಂದಿಟ್ಟುಕೊಳ್ಳಿ. ಸೆಂಟಿಮೀಟರಿಗೆ 40 ಕಿಲೋ ಗಡಸುತನದ ಸ್ಪ್ರಿಂಗಾದರೆ ಅದು 10 ಸೆಂಟಿಮೀಟರ್ ಕುಗ್ಗಿ ನಿಲ್ಲುತ್ತದೆ. ಕಾಫಿ ಮೂಟೆಗಳನ್ನು ಹೇರಿ ಅದೇ ಸ್ಪ್ರಿಂಗಿಗೆ ಇನ್ನು 100 ಕಿಲೋ ಸೇರಿಸಿದರೆ ಮತ್ತೆ ಎರಡೂವರೆ ಸೆಂಟಿಮೀಟರ್ ಕುಸಿಯುತ್ತದೆ. ಈ ಕುಸಿತ ತಪ್ಪಿಸಲು ಎರಡು ಪಟ್ಟು ಗಡಸಾದ ಸ್ಪ್ರಿಂಗ್ ಹಾಕಿದೆವೆನ್ನಿ. ಈಗ ಮೂಟೆಗಳ ಕುಸಿತ ಸೆಂಟಿಮೀಟರಿಗಿಂತ ತುಸು ಹೆಚ್ಚು ಅಷ್ಟೆ. ಆದರೆ ಹುಕ್‌ನ ತೂಗಾಟದ ಲೆಕ್ಕ ಇಲ್ಲಿ ಬಡ್ಡಿ ಕೇಳುತ್ತದೆ. ಮೊದಲಿನ ಸ್ಪ್ರಿಂಗಿನ ಮೇಲೆ ಗಾಡಿ ಸೆಕೆಂಡಿಗೆ ಸುಮಾರು ಒಂದೂವರೆ ಬಾರಿ ಮೇಲೆ ಕೆಳಗೆ ಆಡುತ್ತಿತ್ತು; ಈಗ ಎರಡು ಬಾರಿಗೂ ಹೆಚ್ಚು. ನಡಿಗೆಯ ಲಯಕ್ಕೆ ಒಗ್ಗಿದ ಮನುಷ್ಯನ ದೇಹಕ್ಕೆ ಮೊದಲಿನದು ಹಿತ, ಎರಡನೆಯದು ಕುಲುಕಾಟ. ಅದಕ್ಕಿಂತ ಮುಖ್ಯವಾಗಿ, ಖಾಲಿ ಗಾಡಿ ಕಲ್ಲುಬಂಡೆಗಳ ದಾರಿಯಲ್ಲಿ ಸಾಗುವಾಗ ಗಡಸು ಸ್ಪ್ರಿಂಗ್ ಹಿಗ್ಗಿ ಚಕ್ರವನ್ನು ಹಳ್ಳಕ್ಕೆ ಇಳಿಸಲಾರದು. ಚಕ್ರ ಗಾಳಿಯಲ್ಲಿ ತಿರುಗುತ್ತದೆ, ಹಿಡಿತ ತಪ್ಪುತ್ತದೆ. ಸುಖಕ್ಕೆ ಮೃದು, ಹೊರೆಗೆ ಗಡಸು ಎಂಬ ಈ ಹಗ್ಗಜಗ್ಗಾಟಕ್ಕೆ ಒಂದೇ ಉತ್ತರವಿಲ್ಲ. ದಿನನಿತ್ಯ ಎಷ್ಟು ಹೊರೆ ಹೊರುತ್ತೇವೆ ಎಂಬುದನ್ನು ತೂಕಮಾಡಿ ತಿಳಿದುಕೊಂಡೇ ಸ್ಪ್ರಿಂಗ್ ಆರಿಸಬೇಕು. ಎಂದೋ ಒಮ್ಮೆ ಹೇರುವ ಅತಿ ಭಾರವನ್ನು ನೆನೆದು ಆರಿಸಿದರೆ ಉಳಿದ ದಿನಗಳೆಲ್ಲ ಬೆನ್ನಿಗೆ ಶಿಕ್ಷೆ.

ಸುರುಳಿ ಸ್ಪ್ರಿಂಗಿನ ಬುಡಕ್ಕೆ ಬಿಲ್ಲೆ ಇಟ್ಟು ಎತ್ತರಿಸಿದರೆ ಸ್ಪ್ರಿಂಗ್ ಗಡಸಾಗುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಹುಕ್‌ನ ನಿಯಮ ಇದನ್ನು ಒಪ್ಪುವುದಿಲ್ಲ. ಸಮನಾದ ಸುತ್ತಿನ ಸ್ಪ್ರಿಂಗಿನ ಮೇಲಿನ ಭಾರ ಅಷ್ಟೇ ಇದ್ದರೆ ಕುಗ್ಗುವುದೂ ಅಷ್ಟೇ. ಗಾಡಿ ಬಿಲ್ಲೆಯ ದಪ್ಪದ ಲೆಕ್ಕದಲ್ಲಿ ಮೇಲೇರುತ್ತದೆ, ಗಡಸುತನ ಕಿಂಚಿತ್ತೂ ಬದಲಾಗದು. ಚಕ್ರ ಕೆಳಗಿಳಿಯಲು ಉಳಿದಿದ್ದ ಅವಕಾಶ ಮಾತ್ರ ಕಡಿಮೆಯಾಗುತ್ತದೆ. ಗಡಸುತನ ಬದಲಾಗಬೇಕಾದರೆ ತಂತಿಯೇ ಬದಲಾಗಬೇಕು. ಸುರುಳಿಯ ಗಡಸುತನ ತಂತಿಯ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವೆಂಬುದನ್ನು ಹುಕ್‌ನ ನಂತರ ಬಂದವರು ಲೆಕ್ಕ ಹಾಕಿದರು. ತಂತಿ ಶೇ 10ರಷ್ಟು ದಪ್ಪವಾದರೆ ಸ್ಪ್ರಿಂಗ್ ಸುಮಾರು ಶೇ 46ರಷ್ಟು ಗಡಸಾಗುತ್ತದೆ! ಕಣ್ಣಿಗೆ ಒಂದೇ ತೆರನಾಗಿ ಕಾಣುವ ಎರಡು ಸ್ಪ್ರಿಂಗುಗಳ ನಡುವೆ ಇಷ್ಟು ಅಂತರವಿರಬಹುದು. ಗಾಡಿ ತಗ್ಗಿಸಲೆಂದು ಸುತ್ತು ಕತ್ತರಿಸುವವರು ತಿಳಿಯದೆಯೇ ಗಡಸುತನವನ್ನೂ ಹೆಚ್ಚಿಸುತ್ತಾರೆ. ಎಂಟು ಸುತ್ತಿನಲ್ಲಿ ಒಂದನ್ನು ತೆಗೆದರೆ ಸುಮಾರು ಶೇ 14ರಷ್ಟು. ಬೆಂಕಿಯಲ್ಲಿ ಕಾಯಿಸಿ ತಗ್ಗಿಸುವುದಂತೂ ಉಕ್ಕಿನ ಹದವನ್ನೇ ಕೆಡಿಸುವ ಕೆಲಸ.

ಪಟ್ಟಿಗಳ ಕಮಾನಿನ ಕಥೆ ತುಸು ಬೇರೆ. ಒಂದು ಪ್ಲೇಟು ಸೇರಿಸಿದರೆ ಗಡಸುತನ ಹೆಚ್ಚುತ್ತದೆ ನಿಜ, ಆದರೆ ಪ್ಲೇಟುಗಳ ನಡುವಿನ ಉಜ್ಜಾಟವೂ ಹೆಚ್ಚುತ್ತದೆ. ತುಕ್ಕು ಹಿಡಿದ ಕಮಾನು ಸಣ್ಣ ಏಟಿಗೆ ಮಿಸುಕುವುದೇ ಇಲ್ಲ. ದೊಡ್ಡ ಏಟಿಗೆ ಒಮ್ಮೆಲೇ ಬಾಗುತ್ತದೆ. ಅಂದರೆ ಅಲ್ಲಿ ಹುಕ್‌ನ ಸರಳ ಅನುಪಾತ ನೆಟ್ಟಗೆ ನಡೆಯದು. ಎರಡನೆಯ ಮಹಾಯುದ್ಧದ ವಿಲ್ಲೀಸ್ ಜೀಪು, 1948ರ ಲ್ಯಾಂಡ್ ರೋವರ್ ಎಲ್ಲವೂ ಇಂತಹ ಕಮಾನಿನ ಮೇಲೆಯೇ ನಿಂತವು. 1970ರಲ್ಲಿ ಬಂದ ರೇಂಜ್ ರೋವರ್ ನಾಲ್ಕೂ ಚಕ್ರಗಳಿಗೆ ಉದ್ದನೆಯ ಸುರುಳಿಗಳನ್ನು ಅಳವಡಿಸಿಕೊಂಡಾಗ ಕಾಡುದಾರಿಯ ವಾಹನವೂ ಮೃದುವಾಗಿರಬಹುದೆಂಬುದು ಜನರಿಗೆ ಮನವರಿಕೆಯಾಯಿತು. ಹುಕ್ ತಂತಿಯನ್ನು ಸುತ್ತಿ ತೂಕ ತೂಗಿದ ಸುಮಾರು ಮುನ್ನೂರು ವರ್ಷಗಳ ನಂತರ.

ಹುಕ್‌ನ ಇನ್ನೊಂದು ಕಾಣಿಕೆಯಾದ ಕೀಲಿನ ವಿವರವೂ ಒಗಟುಗಳಿದ್ದ ಆ 1676ರ ಹೊತ್ತಗೆಯಲ್ಲೇ ಇದೆ. ಓರೆಯಾಗಿರುವ ಎರಡು ದಂಡಗಳ ನಡುವೆ ತಿರುಗುವಿಕೆಯನ್ನು ದಾಟಿಸುವ ಈ ಕೀಲಿನ ಮೂಲ ಕಲ್ಪನೆ ಅದಕ್ಕೂ ಹಳೆಯದು. ಕೀಲಿನಾಚೆಯ ದಂಡ ಒಂದೇ ವೇಗದಲ್ಲಿ ತಿರುಗದೆ, ಪ್ರತಿ ಸುತ್ತಿನಲ್ಲೂ ಹಿಂದೆ ಮುಂದೆ ಆಗುತ್ತದೆಂಬ ಗುಣವನ್ನು ಹುಕ್ ಅರಿತು, ಅದನ್ನು ಸೂರ್ಯ ಗಡಿಯಾರದ ಲೆಕ್ಕಕ್ಕೆ ಬಳಸಿಕೊಂಡ. ಈ ಏರಿಳಿತ 10 ಡಿಗ್ರಿ ಓರೆಯಲ್ಲಿ ಶೇ ಒಂದೂವರೆಯ ಆಸುಪಾಸು. 30 ಡಿಗ್ರಿಯಲ್ಲಿ ಶೇ 15ರವರೆಗೂ ಹೋಗುತ್ತದೆ. ಎತ್ತರದ ಸ್ಪ್ರಿಂಗ್ ಹಾಕಿಸಿ ಜೀಪನ್ನು ಮೇಲೆತ್ತಿದವರು ಕೆಲವೇ ದಿನಗಳಲ್ಲಿ ನಡುಕದ ದೂರು ಹೊತ್ತು ಗ್ಯಾರೇಜಿಗೆ ಮರಳುವುದು ಈ ಕಾರಣಕ್ಕೇ. ಚಾಸಿ ಮೇಲೇರಿದಂತೆ ಶಾಫ್ಟಿನ ಓರೆ ಹೆಚ್ಚುತ್ತದೆ. ಎರಡು ತುದಿಯ ಕೀಲುಗಳ ಓರೆ ಸಮನಾಗಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ಆದ್ದರಿಂದಲೇ ಕಮಾನಿಗೂ ಅಚ್ಚಿಗೂ ನಡುವೆ ಉಕ್ಕಿನ ಬೆಣೆ ಇಟ್ಟು ಅಚ್ಚಿನ ಮುಖವನ್ನು ತಿರುಗಿಸಿ ಸರಿಪಡಿಸುವ ರೂಢಿ ಬಂದಿದೆ.

1666ರ ಮಹಾ ಅಗ್ನಿ ಅನಾಹುತದ ಬಳಿಕ ಹುಕ್ ಲಂಡನ್ ನಗರದ ಮೋಜಣಿದಾರನಾಗಿ, ಸುಟ್ಟ ನಿವೇಶನಗಳ ಗಡಿ ಗುರುತಿಸುತ್ತ ವರ್ಷಗಟ್ಟಲೆ ಬೀದಿ ಸುತ್ತಿದ. ರೆನ್ ಜೊತೆಗೂಡಿ ರೂಪಿಸಿದ 202 ಅಡಿಯ ಸ್ಮಾರಕ ಸ್ತಂಭ ಈಗಲೂ ನಿಂತಿದೆ. ಈ ಕೆಲಸದಿಂದ ಹಣ ಬಂತು; ಆತ ಖರ್ಚು ಮಾಡಲಿಲ್ಲ.

ನ್ಯೂಟನ್ ಜೊತೆಗಿನ ವೈರ ಪ್ರಸಿದ್ಧವಾದದ್ದು. 1672ರಲ್ಲಿ ಬೆಳಕಿನ ಸ್ವರೂಪದ ಬಗೆಗೆ ಮೊದಲಾದ ಮನಸ್ತಾಪ, ಗುರುತ್ವದ ವರ್ಗವಿಲೋಮ ನಿಯಮದ ವಿಷಯದಲ್ಲಿ ವಿಕೋಪಕ್ಕೆ ಹೋಯಿತು. 1679ರ ಪತ್ರವ್ಯವಹಾರದಲ್ಲಿ ಗ್ರಹಗಳ ಚಲನೆಯನ್ನು ವಿಶ್ಲೇಷಿಸುವ ದಿಕ್ಕನ್ನು ಹುಕ್ ಸೂಚಿಸಿದ್ದು ನಿಜ. ಅದನ್ನು ಗಣಿತದಿಂದ ಸಾಧಿಸಿ ತೋರಿಸಿದ್ದು ನ್ಯೂಟನ್ ಎಂಬುದೂ ಅಷ್ಟೇ ನಿಜ. 1687ರಲ್ಲಿ ಪ್ರಿನ್ಸಿಪಿಯಾ ಪ್ರಕಟವಾದಾಗ ತನಗೆ ಸಲ್ಲಬೇಕಾದ ಮನ್ನಣೆ ಸಲ್ಲಲಿಲ್ಲವೆಂದು ಹುಕ್ ಕೊರಗಿದ. ಅದೇ ವರ್ಷ, ಮನೆಯಲ್ಲಿ ಜೊತೆಗಿದ್ದ ಅಣ್ಣನ ಮಗಳು ಗ್ರೇಸ್ ತೀರಿಕೊಂಡಳು. ಆ ಪೆಟ್ಟಿನಿಂದ ಆತ ಚೇತರಿಸಿಕೊಳ್ಳಲಿಲ್ಲವೆಂದು ಬಲ್ಲವರು ಬರೆದಿದ್ದಾರೆ. ಗ್ರೆಷಮ್ ಕಾಲೇಜಿನ ಕೊಠಡಿಗಳಲ್ಲಿ ಕಾಲು ಊದಿ, ಕಣ್ಣು ಮಂಜಾಗಿ, ಮೈಮೇಲಿನ ಬಟ್ಟೆಯಲ್ಲೇ ಮಲಗಿ ಏಳುತ್ತ ಕೊನೆಯ ವರ್ಷಗಳನ್ನು ಕಳೆದು, 1703ರ ಮಾರ್ಚ್ 3ರಂದು ಹುಕ್ ನಿಧನನಾದ. ಬಡವನಂತೆ ಬದುಕಿದವನ ಕಬ್ಬಿಣದ ಪೆಟ್ಟಿಗೆ ತೆರೆದಾಗ ಸಾವಿರಾರು ಪೌಂಡ್ ಹಣ ಸಿಕ್ಕಿತು. ಅದನ್ನು ರಾಯಲ್ ಸೊಸೈಟಿಯ ಸ್ವಂತ ಕಟ್ಟಡಕ್ಕೆ ಕೊಡುವ ಮಾತನ್ನು ಆತ ಆಡಿದ್ದ, ಆದರೆ ಉಯಿಲಿಗೆ ಸಹಿ ಬಿದ್ದಿರಲಿಲ್ಲ. ಹಣ ಬಂಧುಗಳ ಪಾಲಾಯಿತು.

ಅದೇ ವರ್ಷದ ನವೆಂಬರಿನಲ್ಲಿ ನ್ಯೂಟನ್ ಸೊಸೈಟಿಯ ಅಧ್ಯಕ್ಷನಾದ. ಹುಕ್ ಹೇಗಿದ್ದನೆಂದು ತೋರಿಸುವ, ಎಲ್ಲರೂ ಒಪ್ಪುವ ಒಂದೇ ಒಂದು ಭಾವಚಿತ್ರವೂ ಇಂದು ಉಳಿದಿಲ್ಲ. ನ್ಯೂಟನ್ನನೇ ಅದನ್ನು ನಾಶಮಾಡಿಸಿದನೆಂಬ ಕಥೆ ಬಹಳ ಜನಪ್ರಿಯ. ಅದಕ್ಕೆ ಪುರಾವೆ ಇಲ್ಲ. ಬಿಷಪ್ಸ್‌ಗೇಟಿನ ಸೇಂಟ್ ಹೆಲೆನ್ ಚರ್ಚಿನಲ್ಲಿದ್ದ ಸಮಾಧಿಯೂ ಉಳಿಯಲಿಲ್ಲ; ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಅಸ್ಥಿಗಳನ್ನು ಬೇರೆಡೆಗೆ ಸಾಗಿಸಲಾಯಿತು.

2006ರಲ್ಲಿ ಇಂಗ್ಲೆಂಡಿನ ಹ್ಯಾಂಪ್‌ಶೈರ್ ಪ್ರಾಂತ್ಯದ ಮನೆಯೊಂದರ ಕಪಾಟಿನಲ್ಲಿ 500ಕ್ಕೂ ಹೆಚ್ಚು ಪುಟಗಳ ಹಸ್ತಪ್ರತಿಯೊಂದು ಪತ್ತೆಯಾಯಿತು. ರಾಯಲ್ ಸೊಸೈಟಿಯ ಸಭೆಗಳ ಕುರಿತು ಹುಕ್ ಸ್ವತಃ ಬರೆದಿಟ್ಟುಕೊಂಡ ಟಿಪ್ಪಣಿಗಳು ಅದರಲ್ಲಿದ್ದವು. ಹರಾಜಿಗೆ ಹೋಗುವ ಮುನ್ನ ಸೊಸೈಟಿ ದಾನಿಗಳ ನೆರವಿನಿಂದ ಸುಮಾರು 10 ಲಕ್ಷ ಪೌಂಡ್ ಕೊಟ್ಟು ಅದನ್ನು ಉಳಿಸಿಕೊಂಡಿತು. ಹೈಗೆನ್ಸ್ ಪ್ರಕಟಣೆಗೆ ಐದು ವರ್ಷ ಮೊದಲು, 1670ರ ಜೂನ್ ತಿಂಗಳ ಸಭೆಯೊಂದರಲ್ಲಿ ಹುಕ್‌ನ ಸ್ಪ್ರಿಂಗ್ ಗಡಿಯಾರದ ಪ್ರಸ್ತಾಪ ನಡೆದದ್ದರ ದಾಖಲೆ ಅದರ ಪುಟಗಳಲ್ಲಿ ಸಿಕ್ಕಿತು.